ಗ್ರಹಚಾರವೆಂಬ ಮಾತು

ಮಂಗಳೂರಿನಲ್ಲಿ ಬಸ್ಸು ತಪ್ಪಿದರೂ ಸರಿ, ವ್ಯಾಪಾರ ಮುಳುಗಿದರೂ ಸರಿ, ಜನರ ಬಾಯಿಂದ ಹೊರಡುವ ಉದ್ಗಾರ ಒಂದೇ: ‘ಗ್ರಾಚಾರ!’ ತುಳು, ಕನ್ನಡವೆಂಬ ಭೇದ ಅದಕ್ಕಿಲ್ಲ. ಮೂಲರೂಪ ‘ಗ್ರಹಚಾರ’, ಚಾರವೆಂದರೆ ಸಂಚಾರ. ಗ್ರಹಗಳ ಗತಿ ಎಂಬುದಷ್ಟೇ ಅದರ ಮೊದಲ ಅರ್ಥ. ಸಂಸ್ಕೃತ ಶಬ್ದಗಳು ಕನ್ನಡಿಗರ ನಾಲಗೆಯಲ್ಲಿ ರೂಪಾಂತರ ಹೊಂದುವ ಬಗೆಯನ್ನು ಹದಿಮೂರನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ನಿರೂಪಿಸಿದ್ದಾನೆ. ಆ ಗ್ರಂಥವನ್ನು ಫರ್ಡಿನೆಂಡ್ ಕಿಟ್ಟೆಲರು ಸಂಪಾದಿಸಿ 1872ರಲ್ಲಿ ಇದೇ ಮಂಗಳೂರಿನಲ್ಲಿ ಪ್ರಕಟಿಸಿದರು. ಗ್ರಹಚಾರದಲ್ಲಿ ಸವೆದದ್ದು ಹಕಾರ ಮಾತ್ರವಲ್ಲ, ಅರ್ಥದ ಅರ್ಧಭಾಗವೂ ಹೌದು: ಶುಭವು ಕಳಚಿಬಿದ್ದು ಅಶುಭವೊಂದೇ ಉಳಿದಿದೆ. ‘ನಿನ್ನ ಗ್ರಹಚಾರ ಬಿಡಿಸುತ್ತೇನೆ’ ಎಂದು ಬೆದರಿಸುವವನಂತೂ ಪಂಚಾಂಗವನ್ನು ನೋಡಿರುವುದಿಲ್ಲ. ಅಲ್ಲಿ ಗ್ರಹದ ಕೆಲಸವನ್ನು ಕೈಯೇ ಮಾಡುತ್ತದೆ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ನಾಲ್ಕನೆಯ ಅಧ್ಯಾಯದಲ್ಲಿ ಗ್ರಹಗಳನ್ನು ಜ್ಯೋತಿಷ್ಕ ದೇವತೆಗಳಲ್ಲಿ ಎಣಿಸುತ್ತಾರೆ. ಮನುಷ್ಯಲೋಕದಲ್ಲಿ ಮೇರುವನ್ನು ಸುತ್ತುವ ಇವುಗಳಿಂದ ಕಾಲವಿಭಾಗವಾಗುತ್ತದೆ ಎಂದಷ್ಟೇ ಅಲ್ಲಿನ ಮಾತು. ಸುಖದುಃಖಗಳ ಲೆಕ್ಕವಿರುವುದು ಕರ್ಮಬಂಧವನ್ನು ವಿವರಿಸುವ ಎಂಟನೆಯ ಅಧ್ಯಾಯದಲ್ಲಿ. ಬೇನೆ ಬಂದರೆ ಅಸಾತಾವೇದನೀಯದ ಉದಯ. ಕೈಗೆ ಬರಬೇಕಾದದ್ದು ತಪ್ಪಿದರೆ ಲಾಭಾಂತರಾಯ. ಜೈನರಲ್ಲಿಯೂ ನವಗ್ರಹ ಆರಾಧನೆಯುಂಟು, ಶನಿಗೆ ಮುನಿಸುವ್ರತ ತೀರ್ಥಂಕರರನ್ನು ಹೊಂದಿಸಿ ಪೂಜಿಸುವ ವಾಡಿಕೆಯೂ ಉಂಟು. ಆದರೆ ವೀತರಾಗನು ಗ್ರಹಗಳೊಡನೆ ಸಂಧಾನಕ್ಕೆ ನಿಲ್ಲುವವನಲ್ಲ. ಪೂಜಿಸುವವನ ಭಾವಶುದ್ಧಿಯೇ ಆ ಪೂಜೆಯ ಫಲ.

ತನ್ನ ಕಷ್ಟಕ್ಕೆ ತಾನೇ ‘ಗ್ರಾಚಾರ’ ಎಂದುಕೊಂಡರೆ ಅದೊಂದು ನಿಟ್ಟುಸಿರು. ಅದಕ್ಕೆ ಯಾರೂ ಆಕ್ಷೇಪಿಸಬೇಕಿಲ್ಲ. ಆ ಮಾತನ್ನು ಇನ್ನೊಬ್ಬರ ತಲೆಗೆ ಕಟ್ಟಿದಾಗ ಸಂಗತಿ ಬೇರೆಯಾಗುತ್ತದೆ. ಮದುವೆಯಾದ ವರ್ಷವೇ ಅಂಗಡಿ ನಷ್ಟಕ್ಕೆ ಬಿದ್ದರೆ ಅದು ಹೊಸ ಸೊಸೆಯ ಕಾಲ್ಗುಣ. ಗಂಡನನ್ನು ಕಳೆದುಕೊಂಡವಳು ಮಂಗಳಕಾರ್ಯದಲ್ಲಿ ಹಿಂದಿನ ಸಾಲಿಗೆ ಸರಿಯಬೇಕು. ಪ್ರತಿಯೊಂದು ಜೀವವೂ ತನ್ನ ಕರ್ಮದ ಫಲವನ್ನು ತಾನೇ ಉಣ್ಣುತ್ತದೆಂದು ನಂಬಿದ ಮನೆಗಳಲ್ಲಿಯೂ ಇಂಥ ಮಾತು ಕೇಳಿಬರುವುದು ವಿಷಾದಕರ. ಅಂಗಡಿಯ ನಷ್ಟಕ್ಕೆ ಆ ಹೆಣ್ಣುಮಗಳ ಪಾದ ಕಾರಣವಾಗುವುದಾದರೆ ಕರ್ಮಸಿದ್ಧಾಂತಕ್ಕೆ ಉಳಿಯುವ ಕೆಲಸವೇನು?

ಅದೇ ಗ್ರಂಥದ ಆರನೆಯ ಅಧ್ಯಾಯವು ಅಸಾತಾವೇದನೀಯದ ಆಸ್ರವಕ್ಕೆ ಕಾರಣಗಳನ್ನು ಹೇಳುತ್ತದೆ: ದುಃಖ, ಶೋಕ, ತಾಪ, ಆಕ್ರಂದನ, ವಧ, ಪರಿದೇವನ. ಇವುಗಳನ್ನು ತನ್ನಲ್ಲಿ ಉಂಟುಮಾಡಿಕೊಂಡರೂ ಪರರಲ್ಲಿ ಉಂಟುಮಾಡಿದರೂ ಆಸ್ರವವು ತಪ್ಪದು. ಕಾಲ್ಗುಣದ ಮಾತನ್ನಾಡಿ ಸೊಸೆಯನ್ನು ಅಳಿಸಿದವರಿಗೂ, ವಿಧವೆಯನ್ನು ಕಲಶದ ಬಳಿಯಿಂದ ಹಿಂದೆ ಕಳುಹಿಸಿದವರಿಗೂ ಈ ಸೂತ್ರವು ವಿನಾಯಿತಿ ಕೊಟ್ಟಿಲ್ಲ.