ಖಿನ್ನತೆ ಮತ್ತು ಜೀವಕೋಶಗಳ ಮುಪ್ಪು

ಬಹುಕಾಲ ಖಿನ್ನತೆಯಿಂದ ನರಳಿದವರ ಜೀವಕೋಶಗಳು ಅವರ ವಯಸ್ಸಿಗಿಂತ ಹೆಚ್ಚು ಸವೆದಿರುತ್ತವೆಯೇ ಎಂಬುದು ಎರಡು ದಶಕಗಳಿಂದ ಚರ್ಚೆಯಲ್ಲಿರುವ ಪ್ರಶ್ನೆ. ಸವೆತ ಅಳೆಯಲು ಹೆಚ್ಚಾಗಿ ನೋಡುವುದು ರಕ್ತದ ಬಿಳಿಕಣಗಳ ಟೆಲೊಮಿಯರ್ ಉದ್ದವನ್ನು.

ಸೆರಗಿಗೆ ಕುಚ್ಚು ಕಟ್ಟದಿದ್ದರೆ ತುದಿಯ ಎಳೆಗಳು ಬಿಚ್ಚಿಕೊಳ್ಳುತ್ತವೆ. ವರ್ಣತಂತುವಿನ ತುದಿಗೆ ಟೆಲೊಮಿಯರ್ ಅಂಥದೇ ಕಟ್ಟು. ಕೋಶ ಒಡೆದು ಎರಡಾದಾಗಲೆಲ್ಲ ಅದು ಚೂರುಚೂರೇ ಗಿಡ್ಡವಾಗುತ್ತದೆ. ತೀರ ಗಿಡ್ಡವಾದಾಗ ಕೋಶ ಒಡೆಯುವುದನ್ನೇ ನಿಲ್ಲಿಸುತ್ತದೆ. ಟೆಲೊಮಿಯರ್ ಕುರಿತ ಸಂಶೋಧನೆಗೆ 2009ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಒಬ್ಬರು. ಸಂಶೋಧಕಿ ಎಲಿಸಾ ಎಪೆಲ್ ಜೊತೆಗೂಡಿ ಅವರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಯಿಲೆಯ ಮಕ್ಕಳನ್ನು ಹೆಚ್ಚು ವರ್ಷ ಸಾಕಿದ ತಾಯಂದಿರ ಟೆಲೊಮಿಯರ್ ಅಷ್ಟಷ್ಟು ಗಿಡ್ಡವಿತ್ತು.

ಖಿನ್ನತೆಯ ಬಗ್ಗೆ ದೊಡ್ಡ ಅಳತೆ ನಡೆದದ್ದು ನೆದರ್‌ಲೆಂಡ್ಸ್‌ನಲ್ಲಿ. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿದ್ದವರು 2,407 ಮಂದಿ. ಖಿನ್ನತೆ ಇದ್ದವರ ಟೆಲೊಮಿಯರ್ ಇಲ್ಲದವರಿಗಿಂತ ಸರಾಸರಿ 80ಕ್ಕೂ ಹೆಚ್ಚು ಡಿಎನ್‌ಎ ಜೋಡಿ ಅಕ್ಷರಗಳಷ್ಟು ಕಡಿಮೆ ಇತ್ತು. ಅದೇ ಗುಂಪಿನಲ್ಲಿ ವರ್ಷಕ್ಕೆ ಸವೆಯುವುದು ಸುಮಾರು 14. ಅಚ್ಚರಿಯೆಂದರೆ, ಖಿನ್ನತೆ ಬಂದು ಹೋದವರಲ್ಲೂ ಕೊರತೆ ಅಷ್ಟೇ ಇತ್ತು. ಆರು ವರ್ಷ ಬಿಟ್ಟು ನೋಡಿದಾಗಲೂ ನಂಟು ಉಳಿದಿತ್ತು, ಆದರೆ ಖಿನ್ನತೆ ಏರಿಳಿದಂತೆ ಟೆಲೊಮಿಯರ್ ಏರಿಳಿಯಲಿಲ್ಲ. ಹಾಗಾಗಿ ಖಿನ್ನತೆಯೇ ಸವೆಸುತ್ತದೆಯೋ, ಎಳವೆಯ ಸಂಕಟ ಎರಡಕ್ಕೂ ಮೂಲವೋ ತೀರ್ಮಾನವಾಗಿಲ್ಲ. ಒತ್ತಡದ ಹಾರ್ಮೋನ್ ಕಾರ್ಟಿಸಾಲ್, ಉರಿಯೂತ, ಧೂಮಪಾನ ಎಲ್ಲದರ ಮೇಲೂ ಅನುಮಾನವಿದೆ. ಒಬ್ಬ ವ್ಯಕ್ತಿಯ ಟೆಲೊಮಿಯರ್ ಅಳೆದು ಖಿನ್ನತೆ ಹೇಳಲು ಬರುವುದಿಲ್ಲ; ಇದೆಲ್ಲ ಗುಂಪಿನ ಸರಾಸರಿ.

ಹಾಗಾಗಿ ಖಿನ್ನತೆ ಗುರುತಿಸಬೇಕಾದದ್ದು ರೋಗಿಯ ಮಾತಿನಿಂದಲೇ. ಹರಪನಹಳ್ಳಿ ತಾಲ್ಲೂಕಿನ ಹಲವಾಗಲು ಸೀಮೆಯ ಆಡುಮಾತಿನಲ್ಲಿ ಖಿನ್ನತೆ ಮೈಯ ದೂರಿನ ರೂಪದಲ್ಲೇ ಬರುತ್ತದೆ: ‘ನಿದ್ದಿ ಹತ್ತವಲ್ದ್ರೀ, ಊಟ ಸೇರವಲ್ದು, ಕೈಕಾಲಾಗ ಶಕ್ತಿನ ಇಲ್ಲ’. ಇದನ್ನು ಬರೀ ನಿಶ್ಶಕ್ತಿಯೆಂದು ಬಗೆದು ಇಂಜೆಕ್ಷನ್ ಕೊಟ್ಟು ಕಳಿಸಿದರೆ ಕಾಯಿಲೆ ಅಲ್ಲೇ ಉಳಿಯುತ್ತದೆ. 1980ರ ದಶಕದ ನಡುವೆ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸುವ ತರಬೇತಿ ಕೊಟ್ಟಿತು. ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಆಗ ಅದೇ ಜಿಲ್ಲೆಯಲ್ಲಿದ್ದವು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಈ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಚ್ಚಾಯಿತು.