ಜಿಗಿತದ ವಿಜ್ಞಾನ: ಬೆಳೆದು ಬಂದ ಬಗೆ



ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆಯ ಹಳ್ಳಿಗಳಲ್ಲಿ ನಡೆಯುವ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಗಳನ್ನು ನೀವು ನೋಡಿರುತ್ತೀರಿ. ಅಂಥದೊಂದು ಪಂದ್ಯವನ್ನು ಚಿತ್ರೀಕರಿಸಿಕೊಂಡು ಬಂದು ಸಂಕಲನಕ್ಕೆ ಕುಳಿತಾಗ ನನಗೊಂದು ಕುತೂಹಲ ಹುಟ್ಟಿತು. ನಮ್ಮ ಟಿ.ವಿ. ಚಿತ್ರದಲ್ಲಿ ಸೆಕೆಂಡಿಗೆ 25 ಫ್ರೇಮುಗಳು. ಓಡಿಬಂದ ಹುಡುಗನೊಬ್ಬ ಕೊನೆಯ ಹೆಜ್ಜೆಯೂರಿ, ಮಂಡಿ ಬಗ್ಗಿಸಿ, ಚೆಂಡನ್ನು ಹೊಡೆಯಲು ಮೇಲಕ್ಕೆ ಚಿಮ್ಮಿದ್ದನ್ನು ಒಂದೊಂದೇ ಫ್ರೇಮಿನಂತೆ ಎಣಿಸಿದೆ. ಪಾದ ನೆಲ ಮುಟ್ಟಿ ಮತ್ತೆ ನೆಲ ಬಿಡುವುದರೊಳಗೆ ಹೋದದ್ದು ಏಳೆಂಟು ಫ್ರೇಮು. ಸೆಕೆಂಡಿನ ಮೂರನೆಯ ಒಂದು ಭಾಗವೂ ಇಲ್ಲ! ಅಷ್ಟರಲ್ಲಿ ದೇಹದಲ್ಲಿ ನಡೆಯುವುದೇನು?

ನೀವೇ ಒಂದು ಪ್ರಯೋಗ ಮಾಡಿ. ಬೆರಳಿಗೆ ಸೀಮೆಸುಣ್ಣ ಹಚ್ಚಿಕೊಂಡು ಗೋಡೆಯ ಪಕ್ಕ ನಿಲ್ಲಿ. ಮಂಡಿ ಬಗ್ಗಿಸಿ, ಮೂರು ಸೆಕೆಂಡು ಹಾಗೆಯೇ ಇದ್ದು, ನೆಗೆದು ಗುರುತು ಮಾಡಿ. ಅನಂತರ ಮಂಡಿ ಬಗ್ಗಿಸಿದ ಕೂಡಲೇ ತಡಮಾಡದೆ ನೆಗೆಯಿರಿ. ಸಾಮಾನ್ಯವಾಗಿ ಎರಡನೆಯ ಗುರುತೇ ಮೇಲಿರುತ್ತದೆ. ಹಿಗ್ಗಿದ ಸ್ನಾಯು ಆ ಕ್ಷಣವೇ ಕುಗ್ಗಿದರೆ ಅದರ ಬಲ ಹೆಚ್ಚು. ಸ್ನಾಯುವನ್ನು ಎಲುಬಿಗೆ ಬಿಗಿದಿರುವ ರಜ್ಜು ರಬ್ಬರಿನಂತೆ ಶಕ್ತಿಯನ್ನು ಹಿಡಿದಿಟ್ಟು ಹಿಂತಿರುಗಿಸುತ್ತದೆ. ತಡವಾದರೆ ಆ ಶಕ್ತಿಯಲ್ಲಿ ಬಹುಪಾಲು ಶಾಖವಾಗಿ ಸೋರಿಹೋಗುತ್ತದೆ. ಕುಂಟೆಬಿಲ್ಲೆ ಆಡುವ ಹುಡುಗಿ ಮನೆಯಿಂದ ಮನೆಗೆ ಕುಪ್ಪಳಿಸುವುದೂ ಇದೇ ಬಲದಿಂದ.

ಇದನ್ನು ಮೊದಲು ಅಳೆದು ನೋಡಿದವರಲ್ಲಿ ಫ್ರಾನ್ಸಿನ ಶರೀರಶಾಸ್ತ್ರಜ್ಞ ಎತಿಯೆನ್ ಜೂಲ್ ಮಾರೆ ಒಬ್ಬರು. 1882ರಲ್ಲಿ ಬಂದೂಕಿನ ಆಕಾರದ ಕ್ಯಾಮೆರಾ ಮಾಡಿ, ಹಾರುವ ಹಕ್ಕಿಯ ಚಿತ್ರಗಳನ್ನು ಸೆಕೆಂಡಿಗೆ 12ರಂತೆ ತೆಗೆದವರು ಅವರು. ನನ್ನಂಥ ಟಿ.ವಿ.ಯವರಿಗೆ ಒಂದು ರೀತಿಯಲ್ಲಿ ಮೂಲಪುರುಷರು! ಮಾರೆ ಮತ್ತು ಅವರ ಸಹೋದ್ಯೋಗಿ ಜಾರ್ಜ್ ದೆಮೆನಿ 1885ರಲ್ಲಿ ಮನುಷ್ಯನ ನೆಗೆತವನ್ನು ಪರೀಕ್ಷಿಸಿ, ಒಮ್ಮೆ ನೆಗೆದು ಇಳಿದ ಕೂಡಲೇ ಮತ್ತೆ ನೆಗೆದರೆ ಎರಡನೆಯದು ಹೆಚ್ಚು ಎತ್ತರ ಹೋಗುತ್ತದೆಂದು ಕಂಡರು.

ಈ ಅರಿವನ್ನು ತರಬೇತಿಯ ಕ್ರಮವಾಗಿಸಿದವರು ಸೋವಿಯತ್ ಒಕ್ಕೂಟದ ಯೂರಿ ವೆರ್ಖೊಷಾನ್ಸ್ಕಿ. 1950ರ ದಶಕದ ಕೊನೆಯಲ್ಲಿ ಅವರು ಟ್ರಿಪಲ್ ಜಂಪ್ ಪಟುಗಳನ್ನು ತಯಾರು ಮಾಡುತ್ತಿದ್ದರು. ಹೆಗಲ ಮೇಲೆ ಭಾರೀ ತೂಕ ಹೊರಿಸಿ ಬಸ್ಕಿ ಹೊಡೆಸಿದರೆ ಸೊಂಟ ನೋಯುತ್ತಿತ್ತು. ತೂಕದ ಬದಲು ಬೀಳುವ ದೇಹದ ವೇಗವನ್ನೇ ಬಳಸಿದರೆ ಹೇಗೆ? ಎತ್ತರದ ಪೆಟ್ಟಿಗೆಯಿಂದ ಇಳಿದು, ನೆಲ ಮುಟ್ಟಿದೊಡನೆ ಮೇಲಕ್ಕೆ ಚಿಮ್ಮುವ ಅಭ್ಯಾಸ ಹೀಗೆ ರೂಪುಗೊಂಡಿತು. ಅದನ್ನು ಅವರು 'ಆಘಾತ ವಿಧಾನ' ಎಂದು ಕರೆದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ಓಟಗಾರ ವಲೇರಿ ಬೊರ್ಜೊವ್ 100 ಮತ್ತು 200 ಮೀಟರ್ ಎರಡನ್ನೂ ಗೆದ್ದಾಗ, ಪೂರ್ವ ಯೂರೋಪಿನ ತರಬೇತಿಯ ಗುಟ್ಟೇನೆಂದು ಪಶ್ಚಿಮದವರು ಹುಡುಕತೊಡಗಿದರು. 1975ರಲ್ಲಿ ಅಮೆರಿಕದ ಫ್ರೆಡ್ ವಿಲ್ಟ್ ಈ ಬಗೆಯ ಅಭ್ಯಾಸಗಳಿಗೆ 'ಪ್ಲಯೊಮೆಟ್ರಿಕ್ಸ್' ಎಂಬ ಹೆಸರು ಕೊಟ್ಟರು. ಗ್ರೀಕ್ ಮೂಲದ ಈ ಪದಕ್ಕೆ 'ಹೆಚ್ಚು' ಮತ್ತು 'ಅಳತೆ' ಎಂಬ ಅರ್ಥಗಳಿವೆ.

ನಮ್ಮ ದೇಶದಲ್ಲಿ ತರಬೇತುದಾರರಿಗೆ ಶಾಸ್ತ್ರೀಯ ಶಿಕ್ಷಣ ಕೊಡಲು ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಲ್ಲಿ ಆರಂಭವಾಯಿತು. 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಬಂತು. ಬೆಂಗಳೂರಿನ ಜ್ಞಾನಭಾರತಿಯಲ್ಲಿ ಅದರ ಕೇಂದ್ರವಿದೆ. ಬೆಂಗಳೂರನ್ನು ನೆಲೆ ಮಾಡಿಕೊಂಡಿದ್ದ ಅಂಜು ಬಾಬಿ ಜಾರ್ಜ್ 2003ರಲ್ಲಿ ಪ್ಯಾರಿಸ್‌ನ ವಿಶ್ವ ಅಥ್ಲೆಟಿಕ್ಸ್ ಕೂಟದ ಉದ್ದ ಜಿಗಿತದಲ್ಲಿ 6.70 ಮೀಟರ್ ಹಾರಿ ಕಂಚು ಗೆದ್ದರು. ಆಗ ಅವರಿಗೆ 26 ವರ್ಷ. ಬಾಲ್ಯದಿಂದ ಮಾಡಿದ ಸಾಧನೆ ಅಲ್ಲಿಗೆ ಮುಟ್ಟಲು ಅಷ್ಟು ಕಾಲ ಬೇಕಾಯಿತು ಎಂಬುದನ್ನು ಮರೆಯಬೇಡಿ.

ನಾನು ಇದನ್ನು ಮರೆತವನೇ. ಕಾಲೇಜಿನಲ್ಲಿ ವಾಲಿಬಾಲ್ ಆಡುತ್ತಿದ್ದಾಗ ಯಾವುದೋ ಪತ್ರಿಕೆಯ ತುಣುಕಿನಲ್ಲಿ ಪೆಟ್ಟಿಗೆಯಿಂದ ಜಿಗಿಯುವವನ ಚಿತ್ರ ಸಿಕ್ಕಿತು. ಪೆಟ್ಟಿಗೆ ಎಲ್ಲಿಂದ ತರುವುದು? ಊರಿನ ಅರಳಿಕಟ್ಟೆಯೇ ಪೆಟ್ಟಿಗೆಯಾಯಿತು. ದಿನಕ್ಕೆ ನೂರು ಸಲ ಕಲ್ಲುಚಪ್ಪಡಿಯ ಮೇಲೆ ಧುಮುಕಿದೆ. ಮೂರನೆಯ ವಾರಕ್ಕೆ ಮಂಡಿಚಿಪ್ಪಿನ ಕೆಳಗೆ ನೋವು ಶುರುವಾಯಿತು. ಆ ವರ್ಷದ ಪಂದ್ಯಗಳನ್ನೆಲ್ಲ ಗೆರೆಯಾಚೆ ಕುಳಿತು ನೋಡಿದೆ. ಜಿಗಿಯುವವರ ಮಂಡಿ ರಜ್ಜುವಿಗೆ ಬರುವ ಈ ಬಾಧೆ ವೈದ್ಯರಿಗೆ ಚಿರಪರಿಚಿತ.

ನನ್ನ ಕೈಗೆ ಬಂದದ್ದು ಚಿತ್ರ ಮಾತ್ರ. ಅದರ ಹಿಂದಿನ ಎಚ್ಚರಿಕೆ ಬಂದಿರಲಿಲ್ಲ. ವೆರ್ಖೊಷಾನ್ಸ್ಕಿ ತಮ್ಮ ವಿಧಾನವನ್ನು ರೂಪಿಸಿದ್ದು ಕಾಲಿನ ಬಲ ಮೊದಲೇ ಗಳಿಸಿದ್ದ ಪಟುಗಳಿಗಾಗಿ. ಪಳಗಿದವರಿಗೂ ಒಂದು ಅವಧಿಗೆ ಸುಮಾರು 40 ಜಿಗಿತ ಸಾಕೆಂದರು. ನಮ್ಮ ಗರಡಿ ಮನೆಗಳ ಕ್ರಮವೂ ಇದೇ ತಾನೆ? ಮೊದಲು ಬಸ್ಕಿ, ದಂಡ, ಆಮೇಲೆ ಪಟ್ಟು. ಅದೂ ಹದಮಾಡಿದ ಮಣ್ಣಿನ ಮೇಲೆ.

ಲಾಭವೆಷ್ಟು? ಕ್ರೊಯೇಷಿಯಾದ ಗೊರಾನ್ ಮಾರ್ಕೊವಿಚ್ 2007ರಲ್ಲಿ 26 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಈ ತರಬೇತಿಯಿಂದ ಲಂಬ ಜಿಗಿತ ಸರಾಸರಿ ಶೇಕಡ 5ರಿಂದ 9ರಷ್ಟು ಹೆಚ್ಚಿತ್ತು. 50 ಸೆಂಟಿಮೀಟರ್ ಜಿಗಿಯುವವನಿಗೆ ಎರಡೂವರೆಯಿಂದ ನಾಲ್ಕೂವರೆ ಸೆಂಟಿಮೀಟರ್ ಲಾಭ. ಕಡಿಮೆಯೆನಿಸಿತೆ? ಪುರುಷರ ವಾಲಿಬಾಲ್ ಬಲೆಯ ಎತ್ತರ 2.43 ಮೀಟರ್. ಅದರ ಮೇಲೆ ಎರಡು ಬೆರಳಗಲ ಹೆಚ್ಚು ಸಿಕ್ಕರೂ ಎದುರಾಳಿಯ ಹೊಡೆತವನ್ನು ತಡೆಯಬಹುದು.

ಆದ್ದರಿಂದ ಗೆಳೆಯರೇ, ಕಟ್ಟೆಯಿಂದ ಧುಮುಕುವುದರಿಂದ ಆರಂಭಿಸಬೇಡಿ. ಮೊದಲು ಬಸ್ಕಿ, ಹಗ್ಗದಾಟ. ಮಂಡಿ ಒಳಕ್ಕೆ ವಾಲದಂತೆ, ಸದ್ದಾಗದಂತೆ ಇಳಿಯುವುದನ್ನು ಕಲಿಯಿರಿ. ಮೆತ್ತನೆಯ ನೆಲ ಆರಿಸಿಕೊಳ್ಳಿ. ವಾರಕ್ಕೆ ಎರಡು ದಿನ ಸಾಕು, ನಡುವೆ ಎರಡು ದಿನವಾದರೂ ಬಿಡುವಿರಲಿ. ನಿಮ್ಮ ದೈಹಿಕ ಶಿಕ್ಷಕರ ಕಣ್ಣಮುಂದೆಯೇ ಮಾಡಿ. ನೋವು ಬಂದರೆ ಅಂದೇ ನಿಲ್ಲಿಸಿ. ಮುಂದಿನ ಹೊನಲು ಬೆಳಕಿನ ಪಂದ್ಯದಲ್ಲಿ ನಮ್ಮ ಕ್ಯಾಮೆರಾ ಬಂದಾಗ ನೀವು ಗೆರೆಯಾಚೆ ಕುಳಿತಿರಬಾರದು, ಅಂಗಳದೊಳಗಿರಬೇಕು.