ಬಂಡೆ ಹತ್ತಿರದ ಬಾಡಿಗೆ ಮನೆ

ಬೆಂಗಳೂರಿನಲ್ಲಿದ್ದಾಗ ನನ್ನ ಆಫೀಸು ವೈಟ್‌ಫೀಲ್ಡಿನಲ್ಲಿ, ಮನೆ ಕೆಂಗೇರಿಯಲ್ಲಿ. ಮೆಟ್ರೋ ಆಗ ಇನ್ನೂ ಅಲ್ಲಿಗೆ ಬಂದಿರಲಿಲ್ಲ. ಕೇಳಿದವರೆಲ್ಲ "ತಲೆ ಕೆಟ್ಟಿದೆಯಾ ನಿಂಗೆ?" ಅನ್ನುತ್ತಿದ್ದರು. ಕಾರಣ ಇಷ್ಟೇ. ಶನಿವಾರ ಬೆಳಿಗ್ಗೆ ಹಗ್ಗ ಹೆಗಲಿಗೆ ಹಾಕಿಕೊಂಡು ಮೈಸೂರು ರಸ್ತೆಗೆ ಬಂದು ನಿಂತರೆ, ಬಿಸಿಲೇರುವಷ್ಟರಲ್ಲಿ ರಾಮನಗರದ ಬಂಡೆ ಮುಟ್ಟಬಹುದಿತ್ತು.

ಈಗ ಪ್ರಾಜೆಕ್ಟು ನನ್ನನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ತಂದು ಹಾಕಿದೆ. ಮನೆ ಹುಡುಕಲು ಕೂತಾಗ ಮತ್ತೆ ಅದೇ ಹಳೇ ರೋಗ. ಅಮ್ಮ ಫೋನಿನಲ್ಲಿ, "ಆಫೀಸ್ ಹತ್ರ ಮನೆ ಮಾಡೋರನ್ನ ನೋಡಿದೀನಿ, ದೇವಸ್ಥಾನದ ಹತ್ರ ಮಾಡೋರನ್ನೂ ನೋಡಿದೀನಿ. ಬಂಡೆ ಹತ್ರ ಮನೆ ಮಾಡೋನು ನೀನೊಬ್ಬನೇ ಕಣೋ" ಅಂದಳು. ನಾನೊಬ್ಬನೇ ಅಲ್ಲ ಅಂತ ಅಮ್ಮನಿಗೆ ತೋರಿಸಲು ಹೋಗಿ ಓದಿದ ಕಥೆ ಇದು.

ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಡುವೆ ಪೀಕ್ ಡಿಸ್ಟ್ರಿಕ್ಟ್ ಅನ್ನೋ ಗುಡ್ಡಗಾಡು ಇದೆ. ಅಲ್ಲಿನ ಬಂಡೆ ಗ್ರಿಟ್‌ಸ್ಟೋನ್ ಅನ್ನುವ ಒರಟು ಮರಳುಗಲ್ಲು. ಒಂದು ಕಾಲದಲ್ಲಿ ಇದರಿಂದ ಬೀಸುಗಲ್ಲು ಕಡೆಯುತ್ತಿದ್ದರು. ಸ್ಟಾನೇಜ್ ಅನ್ನುವ ಐದಾರು ಕಿಲೋಮೀಟರ್ ಉದ್ದದ ಬಂಡೆಸಾಲಿನ ಬುಡದಲ್ಲಿ ಮಾರಾಟವಾಗದೆ ಉಳಿದ ದುಂಡು ಕಲ್ಲುಗಳು ಇವತ್ತಿಗೂ ಹುಲ್ಲಿನಲ್ಲಿ ಬಿದ್ದಿವೆ. ಅಂಗೈ ಚರ್ಮ ಕಿತ್ತು ಬರುವಷ್ಟು ಒರಟು, ಆದರೆ ಬೂಟು ಇಟ್ಟಲ್ಲಿ ಹಿಡಿಯುತ್ತೆ.

1880ರ ದಶಕದಲ್ಲಿ ಶೆಫೀಲ್ಡಿನ ಜೆ. ಡಬ್ಲ್ಯೂ. ಪಟ್ರೆಲ್ ಊರಿನ ಪಕ್ಕದ ವಾರ್ನ್‌ಕ್ಲಿಫ್ ಬಂಡೆಗಳನ್ನು ಹತ್ತತೊಡಗಿದ. ಆಗ ಬ್ರಿಟನ್ನಿನ ಪರ್ವತಾರೋಹಿಗಳೆಂದರೆ ರಜೆ ಹಾಕಿ ಆಲ್ಪ್ಸ್‌ಗೆ ಹೋಗುವಷ್ಟು ದುಡ್ಡಿದ್ದ ವಕೀಲರು, ಪ್ರೊಫೆಸರುಗಳು. ಇವನದು ರೈಲಿಳಿದು ನಡೆದುಹೋಗುವ ಬಂಡೆ, ಅದೂ ಕಾರ್ಖಾನೆ ಹೊಗೆಯಿಂದ ಮಸಿ ಹಿಡಿದದ್ದು. 1894ರಲ್ಲಿ ಎರಡೂ ನಗರಗಳ ನಡುವೆ ಹೋಪ್ ಕಣಿವೆಯ ರೈಲು ಬಂತು. ಗ್ರಿಂಡಲ್‌ಫರ್ಡ್, ಹ್ಯಾದರ್ಸೇಜ್ ಸ್ಟೇಷನ್ನುಗಳಲ್ಲಿ ಇಳಿದರೆ ಬಂಡೆಗೆ ಕಾಲ್ನಡಿಗೆ ದೂರ.

ದೂರವೇನೋ ಕಮ್ಮಿಯಾಯಿತು, ಆದರೆ ಒಳಗೆ ಬಿಡುವವರು ಯಾರು? ಗುಡ್ಡಗಳೆಲ್ಲ ಜಮೀನುದಾರರದ್ದು. ಗ್ರೌಸ್ ಅನ್ನುವ ಹಕ್ಕಿಯ ಶಿಕಾರಿಗೆಂದು ಸಾಕಿಟ್ಟ ಬಯಲು, ಅದಕ್ಕೆ ಕಾವಲುಗಾರರು. ಸ್ಟಾನೇಜ್ ಹತ್ತಬೇಕೆಂದರೆ ಅವರ ಕೈ ಬೆಚ್ಚಗೆ ಮಾಡಬೇಕು, ಇಲ್ಲವೇ ಓಡಬೇಕು. 1932ರ ಏಪ್ರಿಲ್ 24ರಂದು ಬೆನ್ನಿ ರೋತ್‌ಮನ್ ಎಂಬ ಇಪ್ಪತ್ತರ ಹುಡುಗನ ನೇತೃತ್ವದಲ್ಲಿ ನಾನೂರರಷ್ಟು ಜನ ಕಿಂಡರ್ ಸ್ಕೌಟ್ ಎಂಬ ಗುಡ್ಡಕ್ಕೆ ಬೇಕಂತಲೇ ನುಗ್ಗಿದರು. ಐದು ಜನ ಜೈಲಿಗೆ ಹೋದರು, ರೋತ್‌ಮನ್‌ಗೆ ನಾಲ್ಕು ತಿಂಗಳು. ಗುಡ್ಡಕ್ಕೆ ನುಗ್ಗಿದ ದಿನದ ಗಲಾಟೆಗೆ! ವಾರವಿಡೀ ಮಿಲ್ಲಿನ ಧೂಳು ಕುಡಿದವರಿಗೆ ಭಾನುವಾರ ಕಣ್ಣಿಗೆ ಕಾಣುವ ಗುಡ್ಡವೂ ದೂರವೇ ಆಗಿತ್ತು. ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ ಆದದ್ದು 1951ರಲ್ಲಿ. ಅದರ ಲಾಂಛನದಲ್ಲಿರುವುದು ಅದೇ ಬೀಸುಗಲ್ಲು.

ನನಗೆ ತುಂಬ ಇಷ್ಟವಾದವನು ಜೋ ಬ್ರೌನ್. ಮ್ಯಾಂಚೆಸ್ಟರಿನ ಬಡ ಕೇರಿಯ ಹುಡುಗ, ಪ್ಲಂಬಿಂಗ್ ಕೆಲಸ. ಮೊದಮೊದಲು ಹತ್ತಿದ್ದು ಅಮ್ಮ ಬಿಸಾಕಿದ್ದ ಬಟ್ಟೆ ಒಣಹಾಕುವ ಹಗ್ಗ ಕಟ್ಟಿಕೊಂಡು. (ನನ್ನಮ್ಮನಿಗೆ ಇದನ್ನು ಹೇಳಿಲ್ಲ.) 1949ರಲ್ಲಿ ಸ್ಟಾನೇಜಿನಲ್ಲಿ "ರೈಟ್ ಅನ್‌ಕಾಂಕರಬಲ್" ಎಂಬ ಬಿರುಕನ್ನು ಹತ್ತಿದ, ಹೆಸರೇ ಹೇಳುತ್ತೆ ಅದೆಂಥದ್ದು ಅಂತ. 1955ರಲ್ಲಿ ಜಾರ್ಜ್ ಬ್ಯಾಂಡ್ ಜೊತೆ ಕಾಂಚನಜುಂಗಾವನ್ನು ಮೊದಲು ಹತ್ತಿದವನೂ ಇವನೇ. ಸಿಕ್ಕಿಮ್ ಜನರ ನಂಬಿಕೆಗೆ ಗೌರವ ಕೊಟ್ಟು ತುದಿಗೆ ಕೆಲವೇ ಅಡಿ ಕೆಳಗೆ ನಿಂತರು. ಅಂಥವನಿಗೂ ಬಂಡೆ ಬಹುಕಾಲ ಶನಿವಾರ-ಭಾನುವಾರದ್ದೇ. 1960ರ ದಶಕದಲ್ಲಿ ಅವನು ವೇಲ್ಸಿನ ಲಾನ್‌ಬೆರಿಸ್‌ಗೆ ಹೋಗಿ ಕ್ಲೈಂಬಿಂಗ್ ಸಾಮಾನಿನ ಅಂಗಡಿ ಇಟ್ಟ. ಬಂಡೆಯ ಪಕ್ಕದಲ್ಲಿ ಬದುಕಬೇಕಾದರೆ ಬಂಡೆಯಿಂದಲೇ ಅನ್ನ ಹುಟ್ಟಬೇಕಿತ್ತು.

1980ರ ದಶಕದಲ್ಲಿ ಲೆಕ್ಕ ತಲೆಕೆಳಗಾಯಿತು. ಶೆಫೀಲ್ಡಿನ ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. "ದಿ ಫುಲ್ ಮಾಂಟಿ" ಸಿನಿಮಾ ನೋಡಿದವರಿಗೆ ಆ ಊರು ಗೊತ್ತು. ಇದೇ ಊರಿಗೆ ಬೇರೆ ಕಡೆಯಿಂದ ಕ್ಲೈಂಬಿಂಗ್ ಹುಡುಗರು ಬಂದು ನೆಲೆಸಿದರು. ಬಾಡಿಗೆ ಅಗ್ಗ. ಬಸ್ಸೂ ಅಗ್ಗ: ದಕ್ಷಿಣ ಯಾರ್ಕ್‌ಷೈರ್ ಕೌನ್ಸಿಲ್ 1975ರಿಂದ 1986ರ ತನಕ ಟಿಕೆಟ್ ದರ ಏರಿಸಲೇ ಇಲ್ಲ. ಹೊಟ್ಟೆಪಾಡಿಗೆ ನಿರುದ್ಯೋಗ ಭತ್ಯೆ. ಆಮೇಲೆ, ಸ್ವಂತ ಉದ್ಯೋಗ ಶುರು ಮಾಡುತ್ತೇವೆ ಅಂದವರಿಗೆ ಸರ್ಕಾರ ವಾರಕ್ಕೆ 40 ಪೌಂಡ್ ಕೊಡುವ ಯೋಜನೆ. ಜೆರ್ರಿ ಮೊಫಟ್ ಹದಿಹರೆಯದಲ್ಲಿ ಸ್ಟೋನಿ ಮಿಡ್ಲ್‌ಟನ್ ಬಂಡೆಗಳ ಹತ್ತಿರ ಸೌದೆ ಕೊಟ್ಟಿಗೆಯಲ್ಲಿ ಮಲಗುತ್ತಿದ್ದ. ಬೆನ್ ಮೂನ್ 1990ರಲ್ಲಿ ರೇವನ್ ಟಾರ್‌ನಲ್ಲಿ ಹತ್ತಿದ "ಹಬಲ್" ಆಗಿನ ಜಗತ್ತಿನ ಅತಿ ಕಷ್ಟದ ದಾರಿಗಳಲ್ಲೊಂದು. ಇಬ್ಬರೂ ಶೆಫೀಲ್ಡಿನವರಲ್ಲ, ಬಂಡೆಗಾಗಿ ಬಂದವರು.

ಓದುವಾಗ ರೋಮಾಂಚನ ಆಗುತ್ತೆ, ನಿಜ. ಆದರೆ ಒಂದು ಮುಜುಗರವೂ ಇದೆ. ಈ ಹುಡುಗರಿಗೆ ಸೋಮವಾರ ಬಂಡೆ ಖಾಲಿ ಸಿಕ್ಕ ವರ್ಷಗಳಲ್ಲೇ, ಅದೇ ಭತ್ಯೆಯ ಸಾಲಿನಲ್ಲಿ ಇಪ್ಪತ್ತು ವರ್ಷ ಕುಲುಮೆ ಮುಂದೆ ದುಡಿದ ಅಪ್ಪಂದಿರು ನಿಂತಿದ್ದರು. ಒಬ್ಬರಿಗೆ ಅದು ಬಿಡುಗಡೆ, ಇನ್ನೊಬ್ಬರಿಗೆ ಅವಮಾನ. ಕ್ಲೈಂಬಿಂಗ್ ಇತಿಹಾಸದ ಪುಸ್ತಕಗಳು ಮೊದಲನೆಯವರ ಬಗ್ಗೆ ಮಾತ್ರ ಬರೆಯುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ.

1991ರಲ್ಲಿ ಶೆಫೀಲ್ಡಿನೊಳಗೇ "ದಿ ಫೌಂಡ್ರಿ" ಎಂಬ ಕ್ಲೈಂಬಿಂಗ್ ಗೋಡೆ ಶುರುವಾಯಿತು. ಫೌಂಡ್ರಿ ಅಂದರೆ ಎರಕದ ಕಾರ್ಖಾನೆ, ಹೆಸರು ಮಾತ್ರ ಉಳಿಯಿತು ನೋಡಿ! ಇನ್ನು ಮಳೆ ಬಂದರೂ, ಕತ್ತಲಾದರೂ ಹತ್ತಬಹುದು, ಕೆಲಸ ಮುಗಿಸಿ ಬಂದೂ ಹತ್ತಬಹುದು. ನನ್ನಂಥ ಸಂಬಳದವರಿಗೆ ಈ ಊರು ಸರಿಹೊಂದಲು ಶುರುವಾದದ್ದು ಆಮೇಲೆಯೇ. ಬಂಡೆಯ ಬುಡದ ಹಳ್ಳಿಗಳಂತೂ ನಮ್ಮ ಕೈಗೆಟುಕುವುದಿಲ್ಲ. ರಾಷ್ಟ್ರೀಯ ಉದ್ಯಾನದೊಳಗೆ ಹೊಸ ಮನೆ ಕಟ್ಟಲು ಬಿಗಿ ಕಟ್ಟುಪಾಡು, ಹಾಗಾಗಿ ಇರುವ ಮನೆಗಳಿಗೆ ಚಿನ್ನದ ಬೆಲೆ. ಹ್ಯಾದರ್ಸೇಜಿನಲ್ಲಿ ಒಂದು ಮನೆಯ ಬಾಡಿಗೆ ನೋಡಿ ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಕೊನೆಗೆ ಶೆಫೀಲ್ಡಿನಲ್ಲೇ, ಇನ್ನಿಬ್ಬರ ಜೊತೆ ಒಂದು ಮನೆಯಲ್ಲಿ ರೂಮು ಹಿಡಿದಿದ್ದೇನೆ. ವಾರಕ್ಕೆ ಎರಡು ದಿನ ಮ್ಯಾಂಚೆಸ್ಟರ್ ಆಫೀಸು, ಉಳಿದದ್ದು ಮನೆಯಿಂದ. ಆಫೀಸಿನ ರೈಲು ಅದೇ 1894ರ ಹಳಿ ಮೇಲೆ ಓಡುತ್ತೆ. ಊರು ದಾಟಿದ ಮೇಲೆ ಐದೂಮುಕ್ಕಾಲು ಕಿಲೋಮೀಟರಿನ ಟಾಟ್ಲಿ ಸುರಂಗ, ಮೊಬೈಲ್ ಸಿಗ್ನಲ್ ಹೋಗುತ್ತೆ. ಹೊರಗೆ ಬಂದ ತಕ್ಷಣ ಗ್ರಿಂಡಲ್‌ಫರ್ಡ್. ಎಲ್ಲರೂ ಮೇಲ್ ನೋಡಲು ಶುರು ಮಾಡುತ್ತಾರೆ, ನಾನು ಕಿಟಕಿಗೆ ಮುಖ ಒತ್ತಿ ಗುಡ್ಡದ ಮೇಲಿನ ಕಲ್ಲು ಒಣಗಿದೆಯಾ ಅಂತ ನೋಡುತ್ತೇನೆ. ಮೊನ್ನೆ ಒಣಗಿತ್ತು. ಆದರೆ ಹತ್ತೂವರೆಗೆ ಮೀಟಿಂಗ್ ಇತ್ತು.